ಚಿತ್ರ ಸಂದೇಶ: ಮೊಬೈಲಿಗೆ ಅಗತ್ಯವೋ, ಅಲಂಕಾರವೋ?

ಬೆಂಗಳೂರು: ಮೊಬೈಲ್ ದೂರವಾಣಿಯಲ್ಲಿ ಇರಲೇಬೇಕಾದ ಸೌಲಭ್ಯಗಳು ಯಾವುವು? ಈ ಪ್ರಶ್ನೆಗೆ ಕೇಂದ್ರ ಸರಕಾರವು 2016ರಲ್ಲಿ ಎರಡು ಮುಖ್ಯ ಉತ್ತರಗಳನ್ನು ನೀಡಿತು. ಆ ವರ್ಷದ ಏಪ್ರಿಲ್‌ನಲ್ಲಿ ಪ್ರಕಟವಾದ ನಿಯಮದ ಪ್ರಕಾರ, 2017ರ ಜನವರಿ 1ರಿಂದ ಮಾರಾಟವಾಗುವ ಪ್ರತಿ ಮೊಬೈಲಿನಲ್ಲಿಯೂ ಆಪತ್ತಿನಲ್ಲಿ ಒತ್ತಬಹುದಾದ ತುರ್ತು ಗುಂಡಿ ಇರಬೇಕು. ಅಕ್ಟೋಬರ್‌ನಲ್ಲಿ ಹೊರಬಿದ್ದ ಇನ್ನೊಂದು ಆದೇಶದ ಪ್ರಕಾರ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳನ್ನೂ ಮೊಬೈಲಿನ ಪರದೆಯ ಮೇಲೆ ಓದಲು ಸಾಧ್ಯವಾಗಬೇಕು. ಇಂಗ್ಲಿಷ್ ಮತ್ತು ಹಿಂದಿಯ ಜತೆಗೆ ಇನ್ನೊಂದು ಭಾರತೀಯ ಭಾಷೆಯಲ್ಲಾದರೂ ಬರೆಯಲು ಬರಬೇಕು.

ಚಿತ್ರ ತೆಗೆದು ಕಳುಹಿಸುವ ಸೌಲಭ್ಯ ಈ ಎರಡು ಆದೇಶಗಳಲ್ಲಿಯೂ ಇಲ್ಲ. ಕ್ಯಾಮೆರಾ ಇಲ್ಲದ ಮೊಬೈಲನ್ನು ಮಾರುವುದಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಸರಕಾರದ ಯೋಜನೆಗಳು ಚಿತ್ರವನ್ನೇ ಸಾಕ್ಷ್ಯವಾಗಿ ಬೇಡತೊಡಗಿವೆ. ಕೂಲಿಯ ಹಾಜರಾತಿಗೆ ಚಿತ್ರ, ಹೊಲದ ಬೆಳೆಗೆ ಚಿತ್ರ. ಹೀಗಾಗಿ ಒಂದು ಕಾಲಕ್ಕೆ ಅಂಗಡಿಯ ಮಾರಾಟಗಾರನಿಗೆ ಬಿಟ್ಟ ವಿಷಯವಾಗಿದ್ದ ಚಿತ್ರ ಸಂದೇಶದ ಪ್ರಶ್ನೆ ಇಂದು ಬಡವನ ಹಕ್ಕಿನ ಪ್ರಶ್ನೆಯಾಗಿ ಪರಿಣಮಿಸಿದೆ.

ಬೆಳೆದು ಬಂದ ಬಗೆ

1997ರ ಜೂನ್ 11ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞರು ಆಗತಾನೇ ಹುಟ್ಟಿದ ತಮ್ಮ ಮಗಳ ಚಿತ್ರವನ್ನು ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪ್ ಮತ್ತು ಮೊಬೈಲನ್ನು ಒಂದಕ್ಕೊಂದು ಜೋಡಿಸಿ ಬಂಧುಮಿತ್ರರಿಗೆ ರವಾನಿಸಿದರು. ಮೊಬೈಲಿನ ಮೂಲಕ ಚಿತ್ರ ಹಂಚಿದ ಮೊದಲ ಪ್ರಸಂಗವೆಂದು ಇದನ್ನು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. 2000ದ ನವೆಂಬರ್‌ನಲ್ಲಿ ಜಪಾನಿನ ಜೆ-ಫೋನ್ ಸಂಸ್ಥೆಯು ಶಾರ್ಪ್ ಕಂಪನಿಯ ಕ್ಯಾಮೆರಾ ಮೊಬೈಲನ್ನು ಮಾರುಕಟ್ಟೆಗೆ ತಂದಿತು. 2002ರಲ್ಲಿ ನಾರ್ವೆಯ ಟೆಲಿನಾರ್ ಸಂಸ್ಥೆ ಎಂಎಂಎಸ್ ಅಂದರೆ ಬಹುಮಾಧ್ಯಮ ಸಂದೇಶ ಸೇವೆಗೆ ವಾಣಿಜ್ಯ ರೂಪ ಕೊಟ್ಟಿತು.

ಅದಕ್ಕೂ ಮೊದಲೇ ನೋಕಿಯಾ ಮೊಬೈಲುಗಳಲ್ಲಿ 'ಚಿತ್ರ ಸಂದೇಶ' ಎಂಬ ಹೆಸರಿನ ಸೌಲಭ್ಯವಿತ್ತು. ಅಡ್ಡಕ್ಕೆ 72, ಉದ್ದಕ್ಕೆ 28 ಚುಕ್ಕಿಗಳ ಕಪ್ಪು ಬಿಳುಪಿನ ಪುಟ್ಟ ರೇಖಾಚಿತ್ರ ಅದು. ಹೂವು, ಹೃದಯ, ಹಬ್ಬದ ಶುಭಾಶಯ ಇವಿಷ್ಟನ್ನೂ ಸಾಮಾನ್ಯ ಎಸ್ಸೆಮ್ಮೆಸ್‌ಗಳ ಒಳಗೇ ತುಂಬಿ ಕಳುಹಿಸಲಾಗುತ್ತಿತ್ತು.

ಎಂಎಂಎಸ್‌ನ ಕಾರ್ಯವಿಧಾನ ಮಾತ್ರ ಬೇರೆ. ಕಳುಹಿಸಿದ ಚಿತ್ರವು ಮೊದಲು ಮೊಬೈಲ್ ಸೇವಾ ಸಂಸ್ಥೆಯ ಕೇಂದ್ರದಲ್ಲಿ ಬಂದು ಕೂರುತ್ತದೆ. ಪಡೆಯುವವರಿಗೆ ಒಂದು ಸೂಚನೆ ಹೋಗುತ್ತದೆ. ಅವರ ಮೊಬೈಲು ಡೇಟಾ ಸಂಪರ್ಕದ ಮೂಲಕ ಕೇಂದ್ರದಿಂದ ಚಿತ್ರವನ್ನು ಇಳಿಸಿಕೊಳ್ಳುತ್ತದೆ. ಅಂದರೆ ಇಬ್ಬರ ಬಳಿಯೂ ಸೂಕ್ತ ಮೊಬೈಲು, ಇಬ್ಬರಿಗೂ ಡೇಟಾ ಸಂಪರ್ಕ, ಎರಡೂ ಸಂಸ್ಥೆಗಳ ನಡುವೆ ಒಪ್ಪಂದ ಇವೆಲ್ಲವೂ ಕೂಡಿ ಬರಬೇಕು. ಒಂದು ಕೊಂಡಿ ಕಳಚಿದರೂ ಚಿತ್ರ ತಲುಪುವುದಿಲ್ಲ. ಬೆಲೆಯೂ ಎಸ್ಸೆಮ್ಮೆಸ್‌ಗಿಂತ ಹಲವು ಪಟ್ಟು ಹೆಚ್ಚಿತ್ತು. ಭಾರತದಲ್ಲಿ ಈ ಸೇವೆ ಜನಸಾಮಾನ್ಯರ ಅಭ್ಯಾಸವಾಗದೇ ಉಳಿದುದಕ್ಕೆ ಇವೇ ಕಾರಣಗಳು ಸಾಕು.

ಮಾರುಕಟ್ಟೆಯ ತೀರ್ಪು

ಚಿತ್ರ ಸಂದೇಶವಿಲ್ಲದ ಮೊಬೈಲನ್ನು ಜನ ಕೊಳ್ಳುತ್ತಾರೆಯೇ ಎಂಬುದಕ್ಕೆ ಮಾರುಕಟ್ಟೆ ಎರಡು ತುದಿಗಳಲ್ಲಿ ಉತ್ತರಿಸಿದೆ. 2003ರಲ್ಲಿ ಬಂದ ನೋಕಿಯಾ 1100ರಲ್ಲಿ ಕ್ಯಾಮೆರಾ ಇರಲಿಲ್ಲ, ಬಣ್ಣದ ಪರದೆಯೂ ಇರಲಿಲ್ಲ. ಇದ್ದದ್ದು ಟಾರ್ಚ್, ದೂಳು ತಡೆಯುವ ಕೀಲಿಮಣೆ ಮತ್ತು ಹಲವು ದಿನ ಬಾಳುವ ಬ್ಯಾಟರಿ. ಜಗತ್ತಿನಾದ್ಯಂತ ಅದು 25 ಕೋಟಿಗೂ ಹೆಚ್ಚು ಮಾರಾಟವಾಯಿತು. ವಿದ್ಯುತ್ ಕೈಕೊಡುವ ಊರುಗಳಲ್ಲಿ ಟಾರ್ಚ್ ಅಗತ್ಯವಾಗಿತ್ತು, ಚಿತ್ರವಲ್ಲ.

ಇನ್ನೊಂದು ತುದಿಯಲ್ಲಿ ಆಪಲ್ ಕಂಪನಿಯ ಐಫೋನ್ ಇದೆ. 2007ರ ಜೂನ್ 29ರಂದು ಅಮೆರಿಕದಲ್ಲಿ ಬಿಡುಗಡೆಯಾದ ಈ ದುಬಾರಿ ಮೊಬೈಲಿನಲ್ಲಿ ಕ್ಯಾಮೆರಾ ಇತ್ತು, ಎಂಎಂಎಸ್ ಇರಲಿಲ್ಲ. ಬೇರೆಯವರು ಕಳುಹಿಸಿದ ಚಿತ್ರ ನೋಡಲು ಅಮೆರಿಕದ ಗ್ರಾಹಕರು ಸಂದೇಶದಲ್ಲಿ ಬಂದ ಜಾಲತಾಣದ ವಿಳಾಸಕ್ಕೆ ಹೋಗಿ ಗುಪ್ತಪದವನ್ನು ದಾಖಲಿಸಬೇಕಾಗಿತ್ತು. ಇಂಥ ಕೊರತೆಯ ಬಗ್ಗೆ ಟೀಕೆಗಳು ಬಂದವು. ಆದರೂ ಮೊದಲ ಪೀಳಿಗೆಯ ಐಫೋನ್ 60 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2008ರ ಆಗಸ್ಟ್‌ನಲ್ಲಿ 31,000 ರೂಪಾಯಿ ಬೆಲೆಯೊಂದಿಗೆ ಭಾರತಕ್ಕೆ ಬಂದ ಐಫೋನ್ 3ಜಿಯಲ್ಲಿಯೂ ಈ ಸೌಲಭ್ಯವಿರಲಿಲ್ಲ. 2009ರ ಜೂನ್‌ನಲ್ಲಿ ಹೊಸ ತಂತ್ರಾಂಶದೊಂದಿಗೆ ಅದು ಸೇರ್ಪಡೆಯಾಯಿತು. ಅಮೆರಿಕದ ಎಟಿ ಅಂಡ್ ಟಿ ಗ್ರಾಹಕರು ಅದಕ್ಕಾಗಿ ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು.

ಹಾಗೆಂದು ಜನರಿಗೆ ಚಿತ್ರ ಬೇಡವಾಗಿತ್ತು ಎಂದು ತೀರ್ಮಾನಿಸುವುದು ಅವಸರದ ಮಾತಾದೀತು. 2009ರಲ್ಲಿ ಆರಂಭವಾದ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವೊಂದಕ್ಕೆ ಪ್ರತ್ಯೇಕ ಶುಲ್ಕವಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ರಿಲಯನ್ಸ್ ಜಿಯೋ ಆರಂಭವಾದ ಬಳಿಕ ಡೇಟಾ ದರ ಕುಸಿಯಿತು. ಎಂಎಂಎಸ್ ಕಾಲದಲ್ಲಿ ಒಂದು ಚಿತ್ರಕ್ಕೆ ಲೆಕ್ಕ ಹಾಕುತ್ತಿದ್ದವರು ಮುಂಜಾನೆಯ ಶುಭೋದಯಕ್ಕೇ ಹತ್ತಾರು ಚಿತ್ರ ಕಳುಹಿಸತೊಡಗಿದರು. 2017ರಲ್ಲಿ ಪ್ರಕಟವಾದ ಜಿಯೋಫೋನ್‌ನಲ್ಲಿ ಮೊದಲು ವಾಟ್ಸ್‌ಆ್ಯಪ್ ಇರಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಅದನ್ನೂ ಸೇರಿಸಬೇಕಾಯಿತು. ಜನ ನಿರಾಕರಿಸಿದ್ದು ಚಿತ್ರವನ್ನಲ್ಲ, ಅದರ ಬೆಲೆಯನ್ನು ಮತ್ತು ತೊಡಕನ್ನು ಎಂಬುದು ಇದರಿಂದ ಸ್ಪಷ್ಟ.

ಕನ್ನಡದ ನಂಟು

ಕನ್ನಡಿಗರ ಪಾಲಿಗೆ ಚಿತ್ರಕ್ಕೆ ಇನ್ನೊಂದು ಉಪಯೋಗವಿತ್ತು. ಇಂಗ್ಲಿಷ್ ಲಿಪಿಯಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡ ಲಿಪಿಗೆ ಯುನಿಕೋಡ್ ಬಳಸಬೇಕಾದುದರಿಂದ ಈ ಮಿತಿ 70ಕ್ಕೆ ಇಳಿಯುತ್ತದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುವುದರಿಂದ ಬರೆಯಲು ಸಿಗುವ ಜಾಗ ಇನ್ನಷ್ಟು ಕಿರಿದು. ಇಷ್ಟು ಮಾಡಿ ಕಳುಹಿಸಿದರೂ ಎಷ್ಟೋ ಮೊಬೈಲುಗಳಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣಿಸುತ್ತಿದ್ದವು. ಆಂಡ್ರಾಯ್ಡ್‌ನ ಆರಂಭಿಕ ಆವೃತ್ತಿಗಳಲ್ಲಿಯೂ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ.

ಇದಕ್ಕೆ ಜನ ಕಂಡುಕೊಂಡ ದಾರಿಗಳು ಎರಡು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವುದು ಒಂದು. ಕನ್ನಡ ಬರಹವನ್ನೇ ಚಿತ್ರವಾಗಿಸಿ ಕಳುಹಿಸುವುದು ಇನ್ನೊಂದು. ಆಮಂತ್ರಣ, ಸುತ್ತೋಲೆ, ಪತ್ರಿಕೆಯ ತುಣುಕು ಎಲ್ಲವೂ ಚಿತ್ರವಾಗಿಯೇ ಹರಿದಾಡಿದವು. ಆದರೆ ಚಿತ್ರವಾದ ಬರಹದಲ್ಲಿ ಒಂದು ಪದವನ್ನು ಹುಡುಕುವುದು ಕಷ್ಟ, ತಿದ್ದುವುದು ಅಸಾಧ್ಯ, ದೃಷ್ಟಿದೋಷವುಳ್ಳವರಿಗೆ ಯಂತ್ರ ಓದಿ ಹೇಳುವುದೂ ಸುಲಭವಲ್ಲ. ಈ ದೃಷ್ಟಿಯಿಂದ ನೋಡಿದರೆ ಭಾಷೆಯನ್ನು ಕಡ್ಡಾಯಗೊಳಿಸಿ ಚಿತ್ರವನ್ನು ಬಿಟ್ಟ 2016ರ ಆದೇಶ ಸರಿಯಾದ ಕ್ರಮವೇ ಆಗಿತ್ತು. ಮೊಬೈಲಿಗೆ ಅಕ್ಷರ ತಿಳಿದಿರಬೇಕಾದುದು ಮೊದಲ ಅಗತ್ಯ. ಅದಿಲ್ಲದೆ ಚಿತ್ರವನ್ನು ಹೊಗಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಗುತ್ತದೆ.

ಚಿತ್ರ ತಂದ ಸಂಕಟ

ಚಿತ್ರ ಸಂದೇಶದ ಚರಿತ್ರೆಯಲ್ಲಿ ಕರಾಳ ಅಧ್ಯಾಯಗಳೂ ಇವೆ. 2004ರಲ್ಲಿ ದೆಹಲಿಯ ಶಾಲಾ ವಿದ್ಯಾರ್ಥಿಗಳ ಖಾಸಗಿ ದೃಶ್ಯವೊಂದು ಮೊಬೈಲಿನಿಂದ ಮೊಬೈಲಿಗೆ ಹಬ್ಬಿದ ಪ್ರಕರಣದ ನಂತರ ಎಂಎಂಎಸ್ ಎಂಬ ಪದವೇ ಮಾನಹಾನಿಗೆ ಪರ್ಯಾಯವಾಗಿಬಿಟ್ಟಿತು. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದು ಹಾಗೂ ಹಂಚುವುದನ್ನು ಶಿಕ್ಷಾರ್ಹಗೊಳಿಸುವ 66ಇ ವಿಧಿಯು 2008ರ ತಿದ್ದುಪಡಿಯ ಮೂಲಕ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸೇರಿತು. 2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ವದಂತಿಗಳಿಗೆ ಬೆದರಿ ಬೆಂಗಳೂರಿನಿಂದ ರೈಲು ಹತ್ತಿದ್ದನ್ನು ರಾಜ್ಯ ಮರೆತಿಲ್ಲ. ಬೇರೆಲ್ಲಿಯೋ ನಡೆದ ಘಟನೆಗಳ ಹಳೆಯ ಚಿತ್ರಗಳಿಗೆ ಹೊಸ ಅರ್ಥ ಕಟ್ಟಿ ಹರಡಲಾಗಿತ್ತು. ಸರಕಾರವು ರಾಶಿ ಎಸ್ಸೆಮ್ಮೆಸ್ ಮತ್ತು ಎಂಎಂಎಸ್‌ಗಳಿಗೆ 15 ದಿನಗಳ ನಿರ್ಬಂಧ ಹೇರಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ಶಂಕೆಯಿಂದ ಜನರ ಗುಂಪು ಹೈದರಾಬಾದಿನ ಯುವ ತಂತ್ರಜ್ಞರೊಬ್ಬರನ್ನು ಹೊಡೆದು ಕೊಂದಿತು. ವಾಟ್ಸ್‌ಆ್ಯಪ್‌ನಲ್ಲಿ ಹರಿದ ವದಂತಿಯೇ ಇದಕ್ಕೆ ಕಿಡಿಯಾಗಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡುವ ಮಿತಿಯನ್ನು ಪ್ರಕಟಿಸಿತು.

ಅಕ್ಷರಕ್ಕಿಂತ ಚಿತ್ರವನ್ನು ಜನ ಬೇಗ ನಂಬುತ್ತಾರೆ. ಕಣ್ಣಾರೆ ಕಂಡದ್ದೆಂಬ ಭಾವನೆ ಅದಕ್ಕೆ ಬಲ ಕೊಡುತ್ತದೆ. ಆದರೆ ಚಿತ್ರದಲ್ಲಿ ಕಾಣುವುದು ಎಲ್ಲಿ, ಯಾವಾಗ ನಡೆಯಿತೆಂಬುದನ್ನು ಚಿತ್ರ ತಾನಾಗಿ ಹೇಳುವುದಿಲ್ಲ.

ಸಾಕ್ಷ್ಯವಾದ ಚಿತ್ರ

ಇಷ್ಟೆಲ್ಲ ಗೊತ್ತಿದ್ದರೂ ಆಡಳಿತ ವ್ಯವಸ್ಥೆ ಚಿತ್ರವನ್ನೇ ಪರಮ ಸಾಕ್ಷ್ಯವೆಂದು ಸ್ವೀಕರಿಸಿತು. ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಲ್ಲಿ ಮೊಬೈಲ್ ತಂತ್ರಾಂಶದ ಮೂಲಕ ದಿನಕ್ಕೆರಡು ಬಾರಿ ಕೂಲಿಕಾರರ ಚಿತ್ರ ತೆಗೆದು ಹಾಜರಾತಿ ದಾಖಲಿಸುವುದನ್ನು 2023ರ ಜನವರಿ 1ರಿಂದ ಕಡ್ಡಾಯಗೊಳಿಸಲಾಯಿತು. ಕರ್ನಾಟಕದಲ್ಲಿ ಕಾಯಕ ಬಂಧುಗಳೆಂದು ಕರೆಯಲಾಗುವ ಮೇಟ್‌ಗಳ ಕೈಗೆ ಈ ಕೆಲಸ ಬಿದ್ದಿತು. ನೆಟ್‌ವರ್ಕ್ ಸಿಗದ ಕಡೆ ಚಿತ್ರವನ್ನು ನಂತರ ಸೇರಿಸಲು ಅವಕಾಶವಿದ್ದರೂ, ಮೊಬೈಲು ಕೆಟ್ಟರೆ ಅಥವಾ ತಂತ್ರಾಂಶ ಸ್ಥಗಿತಗೊಂಡರೆ ನಷ್ಟವಾಗುತ್ತಿದ್ದುದು ದುಡಿದವರ ಕೂಲಿ. 2023ರ ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಆರಂಭಿಸಿದಾಗ ಅವರ ಮುಖ್ಯ ಬೇಡಿಕೆಗಳಲ್ಲಿ ಈ ವ್ಯವಸ್ಥೆಯನ್ನು ಕೈಬಿಡಬೇಕೆಂಬುದೂ ಸೇರಿತ್ತು.

ವಂಚನೆಯಾದರೂ ನಿಂತಿತೇ ಎಂದರೆ ಅದೂ ಇಲ್ಲ. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದ ಸುತ್ತೋಲೆಯಲ್ಲಿ ದುರುಪಯೋಗದ ಬಗೆಗಳನ್ನು ಪಟ್ಟಿ ಮಾಡಿತು. ಸಂಬಂಧವಿಲ್ಲದ ಚಿತ್ರಗಳು, ಚಿತ್ರದ ಚಿತ್ರವನ್ನೇ ತೆಗೆದು ಸೇರಿಸುವುದು, ಚಿತ್ರದಲ್ಲಿರುವ ತಲೆಗಳಿಗೂ ದಾಖಲಾದ ಹೆಸರುಗಳಿಗೂ ತಾಳೆಯಾಗದಿರುವುದು ಇವೆಲ್ಲ ಆ ಪಟ್ಟಿಯಲ್ಲಿದ್ದವು. ಕೊನೆಗೆ ಚಿತ್ರಗಳನ್ನು ಮನುಷ್ಯರೇ ಕೂತು ಪರಿಶೀಲಿಸಬೇಕೆಂಬ ಸೂಚನೆ ಹೊರಟಿತು.

ಕರ್ನಾಟಕದ ಬೆಳೆ ಸಮೀಕ್ಷೆ ಇದಕ್ಕೆ ಹೋಲಿಸಬಹುದಾದ ಇನ್ನೊಂದು ಉದಾಹರಣೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆಯ ವಿವರ ಹಾಗೂ ಚಿತ್ರವನ್ನು ಮೊಬೈಲಿನಿಂದ ದಾಖಲಿಸುವ ತಂತ್ರಾಂಶವನ್ನು ರಾಜ್ಯ ಸರಕಾರ ಒದಗಿಸಿತು. ಬೆಳೆಹಾನಿ ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಸಮೀಕ್ಷೆಯ ದತ್ತಾಂಶವೇ ಆಧಾರ. ಆದರೆ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿತ್ತು. ಸ್ಮಾರ್ಟ್‌ಫೋನ್ ಇಲ್ಲದ ರೈತರ ಹೊಲಗಳಿಗೆ ಖಾಸಗಿ ನಿವಾಸಿಗಳೆಂದು ನೇಮಕಗೊಂಡ ಗ್ರಾಮದ ಯುವಕರು ಹೋಗಿ ಚಿತ್ರ ತೆಗೆಯುವ ವ್ಯವಸ್ಥೆಯಿತ್ತು. ದಾಖಲೆ ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸಲೂ ದಾರಿಯಿತ್ತು. ಚಿತ್ರ ಬೇಕು, ಆದರೆ ರೈತನ ಕಿಸೆಯಲ್ಲಿ ಚಿತ್ರ ತೆಗೆಯುವ ಮೊಬೈಲು ಇರಲೇಬೇಕೆಂದಿಲ್ಲ ಎಂಬುದು ಈ ವ್ಯವಸ್ಥೆಯ ತಿರುಳು.

ಯಾರಿಗೆ ಅಗತ್ಯ?

ನಿಜವಾದ ತುರ್ತಿನಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂಬುದನ್ನೂ ಗಮನಿಸಬೇಕು. 2023ರಲ್ಲಿ ದೇಶದ ವಿವಿಧೆಡೆ ವಿಪತ್ತು ಎಚ್ಚರಿಕೆಯ ಪ್ರಾಯೋಗಿಕ ಸಂದೇಶಗಳು ದೊಡ್ಡ ಸದ್ದಿನೊಂದಿಗೆ ಮೊಬೈಲುಗಳಿಗೆ ಬಂದವು. ಸೆಲ್ ಬ್ರಾಡ್‌ಕಾಸ್ಟ್ ಎಂಬ ಆ ತಂತ್ರಕ್ಕೆ ಇಂಟರ್ನೆಟ್ ಬೇಡ. ಪ್ರವಾಹ ಬಂದು ಡೇಟಾ ಸಂಪರ್ಕ ಕುಸಿದಾಗ ಭಾರವಾದ ಚಿತ್ರಕ್ಕಿಂತ ನಾಲ್ಕು ಸಾಲಿನ ಅಕ್ಷರವೇ ಮೊದಲು ತಲುಪುತ್ತದೆ.

ಇದರ ಅರ್ಥ ಚಿತ್ರ ವ್ಯರ್ಥವೆಂದಲ್ಲ. ಎಲೆಗೆ ಬಿದ್ದ ರೋಗವನ್ನು ಮಾತಿನಲ್ಲಿ ಬಣ್ಣಿಸುವುದಕ್ಕಿಂತ ಕೃಷಿ ಅಧಿಕಾರಿಗೆ ತೋರಿಸುವುದು ಸುಲಭ. ಓದುಬರಹ ಬಾರದವರಿಗೆ, ಕಿವಿ ಕೇಳಿಸದವರಿಗೆ ಚಿತ್ರವೇ ಮಾತು. ದೂರದ ಊರಿನಲ್ಲಿ ದುಡಿಯುವ ಮಗನಿಗೆ ಮನೆಯ ಕೂಸಿನ ಮುಖ ಕಾಣುವುದಕ್ಕೆ ಬೆಲೆ ಕಟ್ಟಲಾಗದು.

ಆದುದರಿಂದ ಚಿತ್ರ ಸಂದೇಶವು ಮೊಬೈಲಿಗೆ ಅನಿವಾರ್ಯವೇ ಎಂಬ ಪ್ರಶ್ನೆಗೆ ಉತ್ತರ ಇಷ್ಟು: ಅದು ಉಪಯುಕ್ತ, ಹಲವರಿಗೆ ಅತ್ಯುಪಯುಕ್ತ, ಕರೆ, ಅಕ್ಷರ ಸಂದೇಶ, ಸ್ವಂತ ಭಾಷೆ ಹಾಗೂ ತುರ್ತು ಗುಂಡಿಗಳಷ್ಟು ಅನಿವಾರ್ಯವಲ್ಲ. ಕೊಳ್ಳುವವರು ತಮ್ಮ ಅನುಕೂಲಕ್ಕೆ ತಕ್ಕಂತೆ ಅದನ್ನು ಆಯ್ದುಕೊಳ್ಳಬಹುದು, ಬಿಡಬಹುದು. ಆ ಆಯ್ಕೆಯನ್ನು ಕಿತ್ತುಕೊಳ್ಳುವ ಅಧಿಕಾರ ಕಚೇರಿಯ ಸುತ್ತೋಲೆಗೆ ಇರಬಾರದು. ಚಿತ್ರ ಬೇಕೆಂದು ಕೇಳುವ ಇಲಾಖೆಯೇ ಚಿತ್ರ ತೆಗೆಯುವ ಹೊಣೆಯನ್ನೂ ವೆಚ್ಚವನ್ನೂ ಹೊರಬೇಕು; ಚಿತ್ರ ತಲುಪದ ದಿನ ಹಾಳೆಯ ಮೇಲಿನ ಸಹಿ ಅಥವಾ ಹೆಬ್ಬೆಟ್ಟಿಗೂ ಬೆಲೆ ಇರಬೇಕು. ದಿನವಿಡೀ ಮಣ್ಣು ಹೊತ್ತವರ ಕೂಲಿ ಒಂದು ಚಿತ್ರ ತಲುಪಲಿಲ್ಲವೆಂಬ ಕಾರಣಕ್ಕೆ ತಪ್ಪಬಾರದು.