ಸಾಲಿನಲ್ಲೊಂದು ತೆರವು

ಒಟ್ಟಾಗಿ ಸೈಕಲ್ಲು ತುಳಿಯುವವರ ನಡುವೆ ಬೆಳೆಯುವ ಸ್ನೇಹದ ಬಗೆಯೇ ಬೇರೆ. ಅಲ್ಲಿ ಮಾತು ಕಡಿಮೆ, ನಂಬಿಕೆ ಹೆಚ್ಚು. ಮುಂದಿನವನು ಗಾಳಿಯನ್ನು ಸೀಳುತ್ತ ಸಾಗಿದರೆ ಹಿಂದಿನವನು ಅವನ ಮರೆಯಲ್ಲಿ ದಣಿವಾರಿಸಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ತಾನೇ ಮುಂದಾಗಿ ಆ ಋಣವನ್ನು ತೀರಿಸುತ್ತಾನೆ. ಇಂಥ ಸಾಲಿನಿಂದ ಒಬ್ಬನು ಒಮ್ಮೆಗೇ ಇಲ್ಲವಾದರೆ ಉಳಿದವರ ಗತಿಯೇನು? ನಿನ್ನೆ ಪಕ್ಕದಲ್ಲಿದ್ದವನು ಇಂದಿಲ್ಲವೆಂಬುದನ್ನು ಮನಸ್ಸು ಒಪ್ಪುವುದಿಲ್ಲ. ಪೆಡಲಿನ ಮೇಲಿಟ್ಟ ಕಾಲು ಮುಂದೆ ಹೋಗುವುದಿಲ್ಲ.

ಲಕ್ಷ್ಮೇಶ್ವರದ ಸಮೀಪದ ಅಡರಕಟ್ಟಿಯಂಥ ಊರಿನವರಿಗೆ ಈ ಪ್ರಶ್ನೆ ದೂರದ್ದೇನೂ ಅಲ್ಲ. ಗದಗ, ವಿಜಯಪುರ, ಬಾಗಲಕೋಟೆಗಳ ಸೀಮೆಯು ಕನ್ನಡನಾಡಿನ ಸೈಕಲ್ ಪಟುಗಳ ತವರು. ೨೦೦೬-೦೭ರಿಂದ ಹಲವು ವರ್ಷಗಳ ಕಾಲ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿದ ಮೇಲೆ, ಹಳ್ಳಿಯಿಂದ ಶಾಲೆಗೆ ಸಾಲಾಗಿ ಹೊರಡುವ ಗೆಳತಿಯರ ನೋಟವೂ ನಮಗೆ ಪರಿಚಿತವಾಯಿತು. ಹುಬ್ಬಳ್ಳಿಯಂಥ ನಗರಗಳಲ್ಲಿ ನಸುಕಿಗೇ ಎದ್ದು ನೂರಾರು ಕಿಲೋಮೀಟರು ತುಳಿಯುವ ಹವ್ಯಾಸಿಗಳ ಸಂಘವೂ ಇದೆ. ಪಟುವಾಗಲಿ, ಶಾಲೆಯ ಹುಡುಗಿಯಾಗಲಿ, ಹವ್ಯಾಸಿಯಾಗಲಿ, ಎಲ್ಲರಿಗೂ ರಸ್ತೆ ಒಂದೇ, ಅಪಾಯವೂ ಒಂದೇ.

ಜೊತೆಗಾರನನ್ನು ಕಳೆದುಕೊಂಡವರು ಹೇಗೆ ನಡೆದುಕೊಂಡರೆಂಬುದಕ್ಕೆ ಸೈಕಲ್ ಪಂದ್ಯಗಳ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ೧೯೯೫ರ ಜುಲೈ ೧೮ರಂದು ಫ್ರಾನ್ಸ್ ದೇಶದ ಮಹಾಪಂದ್ಯವಾದ ತೂರ್ ದ ಫ್ರಾನ್ಸ್ ಪಿರನೀಸ್ ಪರ್ವತಗಳಲ್ಲಿ ಸಾಗಿತ್ತು. ಇಟಲಿಯ ಫಾಬಿಯೋ ಕಾಸಾರ್ತೆಲ್ಲಿ, ೧೯೯೨ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ೨೪ ವರ್ಷದ ತರುಣ, ಪೊರ್ತೆ ದಾಸ್ಪೆಯ ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಅಸುನೀಗಿದನು. ಮನೆಯಲ್ಲಿ ಎಳೆಯ ಹೆಂಡತಿ, ಹಸುಗೂಸು.

ಮರುದಿನ ಯಾರೂ ಸ್ಪರ್ಧಿಸಲಿಲ್ಲ. ಬೆಟ್ಟಗಳ ಆ ದೀರ್ಘ ದಾರಿಯನ್ನು ಸವಾರರೆಲ್ಲ ಬಿಸಿಲಿನಲ್ಲಿ, ಮೆರವಣಿಗೆಯ ಮಂದಗತಿಯಲ್ಲಿ ಕ್ರಮಿಸಿದರು. ಗುರಿ ಹತ್ತಿರವಾದಾಗ ಉಳಿದವರೆಲ್ಲ ಹಿಂದೆ ಸರಿದರು. ಮೃತನ ತಂಡವಾದ ಮೊಟೊರೊಲಾದ ಸಂಗಡಿಗರು ಮಾತ್ರ ಮುಂದೆ ಬಂದು ಒಟ್ಟಾಗಿ ಗೆರೆಯನ್ನು ದಾಟಿದರು. ಆ ದಿನದ ಬಹುಮಾನದ ಹಣವೆಲ್ಲ ಅವನ ಕುಟುಂಬಕ್ಕೆ ಸಂದಿತು. ಗೆಲ್ಲುವುದಕ್ಕಾಗಿಯೇ ಹುಟ್ಟಿದವರಂತಿದ್ದ ಸವಾರರು ಒಂದು ದಿನದ ಗೆಲುವನ್ನು ಗೆಳೆಯನ ಹೆಸರಿಗೆ ಬಿಟ್ಟುಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಿದ್ದಾಗ ಕಾಸಾರ್ತೆಲ್ಲಿಯ ತಲೆಯ ಮೇಲೆ ಹೆಲ್ಮೆಟ್ಟು ಇರಲಿಲ್ಲ. ಇದ್ದಿದ್ದರೆ ಬದುಕುತ್ತಿದ್ದನೇ ಎಂಬ ಬಗ್ಗೆ ವಾದಗಳಾದವು. ಹೆಲ್ಮೆಟ್ಟನ್ನು ಕಡ್ಡಾಯಗೊಳಿಸುವ ಪ್ರಯತ್ನ ೧೯೯೧ರಲ್ಲಿಯೇ ನಡೆದಿತ್ತು. ಸೆಕೆ, ತೂಕ ಎಂಬ ಕಾರಣಗಳಿಂದ ಸವಾರರೇ ಅದನ್ನು ಪ್ರತಿಭಟಿಸಿ ತಡೆದಿದ್ದರು. ಅಷ್ಟು ದೊಡ್ಡ ಸಾವಿನ ಬಳಿಕವೂ ನಿಯಮ ಬರಲಿಲ್ಲ. ೨೦೦೩ರ ಮಾರ್ಚಿನಲ್ಲಿ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಹೆಲ್ಮೆಟ್ಟಿಲ್ಲದೆ ಬಿದ್ದು ತೀರಿಕೊಂಡನು. ಅವನ ದೇಶದವನೇ ಆದ ಗೆಳೆಯ ವಿನೊಕುರೊವ್ ಆ ಪಂದ್ಯವನ್ನು ಗೆದ್ದು, ಗೆಲುವನ್ನು ಅವನಿಗೆ ಅರ್ಪಿಸಿದನು. ಅದೇ ವರ್ಷದ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಶ್ರದ್ಧಾಂಜಲಿಗೆ ಒಂದು ದಿನ ಸಾಕಾಯಿತು. ಪಾಠ ಕಲಿಯುವುದಕ್ಕೆ ಎಂಟು ವರ್ಷವೂ ಇನ್ನೊಂದು ಜೀವವೂ ಬೇಕಾದವು.

ನಾವು ಯೋಚಿಸಬೇಕಾದುದು ಇದನ್ನೇ. ಹೂಮಾಲೆ, ಮೌನಾಚರಣೆ, ನಿಧಾನವಾಗಿ ಸಾಗುವ ಸೈಕಲ್ಲುಗಳ ಸಾಲು, ಇವೆಲ್ಲ ಬೇಕು. ದುಃಖಕ್ಕೂ ಒಂದು ದಾರಿ ಬೇಕಷ್ಟೆ. ಆದರೆ ಮರುವಾರ ಅದೇ ಗುಂಪು ಹಿಂದೆ ಕೆಂಪು ದೀಪವಿಲ್ಲದೆ, ತಲೆಗೆ ರಕ್ಷೆಯಿಲ್ಲದೆ, ನಸುಕಿನ ಕತ್ತಲೆಯಲ್ಲಿ ಇಬ್ಬಿಬ್ಬರಾಗಿ ಮಾತಾಡುತ್ತ ಹೊರಟರೆ ಗೆಳೆಯನನ್ನು ನೆನೆದಂತಾಯಿತೆ? ಸುಗ್ಗಿಯ ಕಾಲದಲ್ಲಿ ದೀಪವಿಲ್ಲದ ಟ್ರೇಲರು ಎಳೆದುಕೊಂಡು ಬರುವ ಟ್ರ್ಯಾಕ್ಟರಿನವನಿಗೂ ಈ ಮಾತು ಸಲ್ಲುತ್ತದೆ.

ರಸ್ತೆಯಲ್ಲಿ ಬಿದ್ದವನನ್ನು ಕಂಡರೆ ಪೋಲೀಸರ ತೊಡಕಿಗೆ ಅಂಜಿ ದೂರ ನಿಲ್ಲುವವರು ಇನ್ನೂ ಇದ್ದಾರೆ. ಆ ಅಂಜಿಕೆಗೆ ಕಾರಣವಿಲ್ಲ. ನೆರವಾದವನನ್ನು ಪೀಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೧೬ರಲ್ಲಿ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿಯೇ ಅವನಿಗೆ ರಕ್ಷಣೆ ದೊರೆಯಿತು. ಗುದ್ದಿದ ವಾಹನ ಯಾವುದೆಂದು ತಿಳಿಯದೆ ಹೋದರೂ ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಯೋಜನೆಯ ಪ್ರಕಾರ ಮೃತನ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕು. ದುಃಖದಲ್ಲಿ ಮುಳುಗಿದ ಮನೆಯವರಿಗೆ ಅರ್ಜಿ, ಪಂಚನಾಮೆ, ಮರಣೋತ್ತರ ವರದಿಗಳ ಓಡಾಟ ಹೇಗೆ ಸಾಧ್ಯ? ಆ ಓಡಾಟವನ್ನು ಜೊತೆಗಾರರು ವಹಿಸಿಕೊಂಡರೆ ಅದಕ್ಕಿಂತ ಮಿಗಿಲಾದ ಶ್ರದ್ಧಾಂಜಲಿ ಇನ್ನೊಂದಿಲ್ಲ.

ಸಾಲಿನಲ್ಲಿ ಬಿದ್ದ ತೆರವು ತುಂಬುವುದಿಲ್ಲ, ತುಂಬಬೇಕೆಂದೂ ಇಲ್ಲ. ಆದರೆ ಗಾಳಿಗೆ ಎದೆಯೊಡ್ಡುವ ಅವನ ಸರದಿಯನ್ನು ಇನ್ನು ಮೇಲೆ ಉಳಿದವರು ಹಂಚಿಕೊಳ್ಳಬೇಕು. ಅವನ ಮಕ್ಕಳ ಶಾಲೆಯ ಶುಲ್ಕ, ತಾಯಿಯ ಔಷಧಿ, ಹೊಲದ ಬಿತ್ತನೆ, ಇವೂ ಆ ಸರದಿಯಲ್ಲಿ ಸೇರಿವೆ.