ಬರೆದಿಡಬೇಕಾದ ಇನ್ನೊಂದು ಮಾತು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಿರಿಯರು ತೋಟದ ವಿಚಾರದಲ್ಲಿ ಬಲು ಜಾಣರು. ಯಾವ ಸಾಲಿನ ತೆಂಗು ಯಾರಿಗೆ, ಬಾವಿ ನೀರು ಯಾರಿಗೆ ಎಂದು ವಿಲ್ ಮಾಡಿಸಿಟ್ಟಿರುತ್ತಾರೆ. ಆದರೆ, ‘ನಾನು ಮತ್ತೆ ಏಳೋದಿಲ್ಲ ಅಂತ ಡಾಕ್ಟರೇ ಹೇಳಿದ ಮೇಲೆ ಯಂತ್ರದ ಉಸಿರಿನಲ್ಲಿ ಎಷ್ಟು ದಿನ ಇಡ್ತೀರಿ?’ ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ‘ಬಿಡ್ತು ಅನ್ನಿ!’ ಎಂದು ಬಾಯಿ ಮುಚ್ಚಿಸುತ್ತೇವೆ.

ಹೊನ್ನಾವರದ ಹತ್ತಿರದ ಹಳದೀಪುರದವರು ಅರುಣಾ ಶಾನಭಾಗ್. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, ಮತ್ತೆ ಮೇಲೇಳಲಿಲ್ಲ. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಕೂಡದು ಎಂದವರು ವರ್ಷಗಟ್ಟಲೆ ಆರೈಕೆ ಮಾಡಿದ ಅಲ್ಲಿಯ ನರ್ಸುಗಳು. 2011ರಲ್ಲಿ ಕೋರ್ಟು ನರ್ಸುಗಳ ಮಾತನ್ನೇ ಎತ್ತಿಹಿಡಿಯಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು. ಎರಡೂ ಕಡೆ ಇದ್ದದ್ದು ಕರುಣೆಯೇ. ಅರುಣಾರನ್ನೇ ಕೇಳುವ ಹಾಗೆ ಮಾತ್ರ ಇರಲಿಲ್ಲ.

ನೆದರ್ಲೆಂಡ್ಸ್ ದೇಶದಲ್ಲಿ, ರೋಗಿ ಕೇಳಿಕೊಂಡರೆ ವೈದ್ಯರೇ ಸಾವು ತರಲು 2002ರಿಂದ ಕಾನೂನಿನ ಅವಕಾಶವಿದೆ. ಅಂಥ ಪ್ರತಿಯೊಂದು ಸಾವನ್ನೂ ಆಮೇಲೆ ಒಂದು ಸಮಿತಿ ಪರಿಶೀಲಿಸುತ್ತದೆ. ಅದರಲ್ಲಿ ಒಬ್ಬ ಕಾನೂನು ಬಲ್ಲವರು, ಒಬ್ಬ ವೈದ್ಯರು, ಜೊತೆಗೆ ಒಬ್ಬ ನೀತಿತಜ್ಞರು. ರೋಗಿ ತನ್ನ ಸ್ವಂತ ಇಚ್ಛೆಯಿಂದಲೇ ಕೇಳಿದ್ದೇ? ಬೇರೆ ದಾರಿಯೇ ಇರಲಿಲ್ಲವೇ? ಇಂಥವನ್ನು ತೂಗಿ ನೋಡುವುದು ಅವರ ಕೆಲಸ.

ನಮ್ಮಲ್ಲಿ ಸಾಯಿಸುವ ಇಂಜೆಕ್ಷನ್ನಿಗೆ ಅನುಮತಿಯಿಲ್ಲ. ಗುಣವಾಗುವ ಆಸೆಯಿಲ್ಲದಾಗ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಲು ಮಾತ್ರ ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ, 2023ರಲ್ಲಿ ಕ್ರಮವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು. ಎರಡು ವೈದ್ಯಕೀಯ ಮಂಡಳಿ ಒಪ್ಪಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿಯಲ್ಲಿ ಕೂರುವವರೆಲ್ಲ ಡಾಕ್ಟರುಗಳೇ. ನೀತಿತಜ್ಞರಿಗೆ ಅಲ್ಲಿ ಕುರ್ಚಿ ಹಾಕಿಲ್ಲ.

ಹಾಗಾದರೆ ಆ ಪ್ರಶ್ನೆ ಕೇಳುವವರು ಯಾರು? ನಾವೇ ಕಣ್ರೀ! ಅತ್ತೆಯವರು ‘ನನ್ನಿಂದ ನಿಮಗ್ಯಾಕೆ ತೊಂದರೆ’ ಅಂದರೆ ಅದು ಅವರ ನಿಜವಾದ ಇಚ್ಛೆಯೋ, ಕೊಬ್ಬರಿ ಮಾರಿದ ದುಡ್ಡೆಲ್ಲ ತನ್ನ ಔಷಧಿಗೇ ಹೋಯಿತಲ್ಲ ಎಂಬ ಸಂಕೋಚವೋ? ಪಕ್ಕದಲ್ಲಿ ಕೂತು ಕೇಳಿದವರಿಗೇ ಅದು ತಿಳಿಯುವುದು. ಬೆಂಗಳೂರಿನಿಂದ ಬಂದ ಮಗ ಸಹಿ ಹಾಕುವ ಮೊದಲು, ದಿನವೂ ಮೈ ಒರೆಸಿ ಗಂಜಿ ಕುಡಿಸಿದ ಸೊಸೆಯನ್ನೂ ಒಂದು ಮಾತು ಕೇಳಬೇಕು.

ಹದಿನೆಂಟು ತುಂಬಿದ ಯಾರೇ ಆಗಲಿ, ಬುದ್ಧಿ ಸ್ವಾಧೀನದಲ್ಲಿರುವಾಗ, ಯಾರ ಒತ್ತಾಯವೂ ಇಲ್ಲದೆ ತಮ್ಮ ಇಚ್ಛೆ ಬರೆದಿಡಬಹುದು. ತಮ್ಮ ಪರವಾಗಿ ಮಾತಾಡಬೇಕಾದ ಆಪ್ತರ ಹೆಸರು ಅದರಲ್ಲಿರಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸರಿ. ಮನಸ್ಸು ಬದಲಾದರೆ ಪತ್ರವನ್ನೂ ಬದಲಾಯಿಸಬಹುದು. ‘ಎಲ್ಲಾ ಚಿಕಿತ್ಸೆ ಕೊಡಿಸಿ’ ಎಂಬುದೂ ಒಂದು ಇಚ್ಛೆಯೇ, ಅದಕ್ಕೂ ಅಷ್ಟೇ ಬೆಲೆಯಿರಲಿ. ಇನ್ನು ಯಂತ್ರ ತೆಗೆದ ಮೇಲೂ ನೋವಿಗೆ ಔಷಧಿ, ಒಣಗಿದ ತುಟಿಗೆ ನೀರು, ಹಿಡಿಯಲು ಒಂದು ಕೈ ಇರಲೇಬೇಕು.

ಹಬ್ಬದ ಗಲಾಟೆ ಮುಗಿದ ಮೇಲೆ ಒಂದು ಸಂಜೆ, ಕಾಫಿ ಕೊಟ್ಟು ಮೆಲ್ಲಗೆ ಕೇಳಿ ನೋಡಿ. ‘ಬಿಡ್ತು ಅನ್ನು’ ಅಂದರೆ ಅನ್ನಿ. ಒಂದು ವಾರ ಬಿಟ್ಟು ಮತ್ತೆ ಕೇಳಿ.