ಗಡಿಯ ನೆಂಟಸ್ತನವೂ ಕಾಯಿದೆಯ ಅರಿವೂ

ಸಮಾಜಸೇವೆಗೆ ಮೊದಲು ಬೇಕಾದುದು ಕರುಣೆ ಎಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ಕರುಣೆಯು ನೊಂದವರ ಮನೆಯ ಹೊಸ್ತಿಲವರೆಗೆ ಮಾತ್ರ ಕರೆದೊಯ್ಯಬಲ್ಲದು. ಅಲ್ಲಿಂದ ಮುಂದೆ ಯಾವ ಬಾಗಿಲನ್ನು ತಟ್ಟಬೇಕೆಂದು ತಿಳಿಸುವುದು ಕಾಯಿದೆಯ ಅರಿವು. ಇಟಲಿಯಲ್ಲಿ ಸಮಾಜಸೇವಕರಾಗಬಯಸುವ ವಿದ್ಯಾರ್ಥಿಗಳು ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳ ಜೊತೆಗೆ ಕುಟುಂಬದ ಕಾನೂನನ್ನೂ ಅಭ್ಯಾಸ ಮಾಡುತ್ತಾರೆ. ಅಲ್ಲಿ 1942ರ ನಾಗರಿಕ ಸಂಹಿತೆಯು ಇಡೀ ದೇಶಕ್ಕೆ ಒಂದೇ. ಅದಕ್ಕೆ 1975ರಲ್ಲಿ ಆದ ಸುಧಾರಣೆಯು ಗಂಡಹೆಂಡಿರನ್ನು ಸಮಾನರೆಂದು ಸಾರಿತು. ತಂದೆತಾಯಿಗಳ ಮದುವೆ ಆಗಿರಲಿ, ಬಿಡಲಿ, ಮಕ್ಕಳೆಲ್ಲರ ಸ್ಥಾನವೂ ಒಂದೇ ಎಂದು 2012ರ ಶಾಸನವು ಹೇಳಿತು.

ಭಾರತದಲ್ಲಿ ಈ ಓದು ಇಷ್ಟು ಸರಳವಲ್ಲ. ಇಲ್ಲಿ ಮತಕ್ಕೊಂದು ಕುಟುಂಬದ ಕಾನೂನು. ಅದರ ಮೇಲೆ ರಾಜ್ಯಕ್ಕೊಂದು ತಿದ್ದುಪಡಿ. ಇದರ ತೊಡಕನ್ನು ಕಾಣಬಯಸುವವರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳತ್ತ ನೋಡಬೇಕು. ನಿಪ್ಪಾಣಿಯವರಿಗೆ ಕೊಲ್ಲಾಪುರ, ಕಾಗವಾಡದವರಿಗೆ ಮಿರಜ ನೆರೆಯ ಪೇಟೆಗಳು. ಸಂತೆಗೆ ಹೋಗಿಬರುವಷ್ಟೇ ಸಲೀಸಾಗಿ ಅಲ್ಲಿಗೆ ಹೆಣ್ಣು ಕೊಡುವುದೂ ಅಲ್ಲಿಂದ ತರುವುದೂ ನಡೆದುಬಂದಿದೆ. ನೆಂಟಸ್ತನಕ್ಕೆ ಗಡಿಯಿಲ್ಲ, ಕಾಯಿದೆಗೆ ಉಂಟು.

ಇದು ಇಂದಿನ ಮಾತಷ್ಟೇ ಅಲ್ಲ. 1955ರ ಹಿಂದೂ ವಿವಾಹ ಕಾಯಿದೆ ಬರುವುದಕ್ಕೆ 8 ವರ್ಷ ಮೊದಲೇ, 1947ರಲ್ಲಿ, ಮುಂಬಯಿ ಪ್ರಾಂತವು ಹಿಂದೂ ವಿಚ್ಛೇದನ ಶಾಸನವನ್ನು ಮಾಡಿತು. ಆಗ ಮುಂಬಯಿ ಪ್ರಾಂತದಲ್ಲಿದ್ದ ಚಿಕ್ಕೋಡಿ, ಅಥಣಿಗಳ ಹೆಂಗಸರಿಗೆ ಅದರ ಆಸರೆ ದೊರೆಯಿತು. ರಾಯಬಾಗವಾದರೋ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಪ್ರಾಂತದ ಶಾಸನ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಊರಿಂದೂರಿಗೆ ಹೆಣ್ಣಿನ ಹಕ್ಕು ಬೇರೆಯಾಗಿತ್ತು.

ಇಂದಿನ ಮಾತಿಗೆ ಬಂದರೆ, ಕಾಗವಾಡದ 16 ವರ್ಷದ ಹುಡುಗಿಯೊಬ್ಬಳ ಮದುವೆ ನಡೆದುಹೋಯಿತೆಂದು ಭಾವಿಸಬಹುದು. ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕೆಂಬ ನಿಯಮ ಗಡಿಯ ಎರಡೂ ಕಡೆ ಇದೆ. ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವೂ ಇದೆ. ಆದರೆ ಮದುವೆಯ ಗತಿಯೇ ಬೇರೆ. ಅದು ಕಾಗವಾಡದಲ್ಲಿ ನಡೆದಿದ್ದರೆ, 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು 2016ರಲ್ಲಿ ಮಾಡಿದ ತಿದ್ದುಪಡಿಯಂತೆ, ಮೊದಲಿನಿಂದಲೇ ಅಸಿಂಧು. ಮಿರಜಿನಲ್ಲಿ ನಡೆದಿದ್ದರೆ, ನ್ಯಾಯಾಲಯವು ರದ್ದುಪಡಿಸುವವರೆಗೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ. ಹುಡುಗಿಯು 20 ವರ್ಷ ತುಂಬುವುದರೊಳಗೆ ಅರ್ಜಿ ಸಲ್ಲಿಸಬೇಕು. ತಡಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಅಪಹರಣ, ಬಲಾತ್ಕಾರ, ಮಾರಾಟಗಳಿಂದಾದ ಬಾಲ್ಯವಿವಾಹ ಮಾತ್ರ ಎಲ್ಲೆಡೆಯೂ ಅಸಿಂಧುವೇ.

ಇಲ್ಲಿ ಸಮಾಧಾನದ ಅಂಶವೊಂದಿದೆ. ಅರ್ಜಿದಾರಳು ವಾಸವಾಗಿರುವ ಸ್ಥಳದ ನ್ಯಾಯಾಲಯಕ್ಕೂ ವಿಚಾರಣೆಯ ಅಧಿಕಾರವಿದೆ. ತವರಿಗೆ ಮರಳಿದ ಹುಡುಗಿ ಸಾಂಗಲಿಗೆ ಅಲೆಯಬೇಕಾಗಿಲ್ಲ. ಇದನ್ನು ತಿಳಿಯದೆ ಅವಳನ್ನು ಗಡಿಯಾಚೆಗೆ ಕಳುಹಿಸಿದವರು ಅವಳ ಧೈರ್ಯವನ್ನು ಅರ್ಧದಾರಿಯಲ್ಲೇ ಕುಗ್ಗಿಸಿಯಾರು.

ಹಾಗಾದರೆ ಈಚೆಯ ಕಾಯಿದೆಯೇ ಮೇಲೆಂದು ಸುಮ್ಮನಿರಬಹುದೆ? ಇಲ್ಲ. 2006ರ ಕಾಯಿದೆಯು ಹುಡುಗಿಗೆ ಜೀವನಾಂಶವನ್ನೂ ವಾಸಸ್ಥಾನವನ್ನೂ ಕೊಡಿಸುವುದು, ಮಗುವನ್ನು ಔರಸವೆಂದು ಗಣಿಸುವುದು, ನ್ಯಾಯಾಲಯವು ಮದುವೆಯನ್ನು ರದ್ದುಪಡಿಸುವ ಸಂದರ್ಭದಲ್ಲಿ. ಮೊದಲಿನಿಂದಲೇ ಅಸಿಂಧುವಾದ ಮದುವೆಯಲ್ಲಿ, “ಮದುವೆಯೇ ಆಗಿಲ್ಲ, ಕೊಡುವುದೇನು?” ಎಂದು ಗಂಡಿನ ಕಡೆಯವರು ವಾದಿಸಲು ಎಡೆಯುಂಟು. ರಕ್ಷಣೆಗೆಂದು ಮಾಡಿದ ಮಾತೇ ಹುಡುಗಿಯ ಕೈ ಬರಿದುಮಾಡಬಾರದು. ಆದ್ದರಿಂದ ಸಮಾಜಸೇವಕಿಯು “ಇದು ಮದುವೆಯೇ ಅಲ್ಲ” ಎಂದು ಹೇಳಿ ಹಿಂದಿರುಗದೆ, ನ್ಯಾಯಾಲಯದ ಸ್ಪಷ್ಟ ಆಜ್ಞೆ ದೊರೆಯುವವರೆಗೆ ಜೊತೆಗಿರಬೇಕು.

ಮಗುವಿನ ಪಾಲಿಗೆ ಮತ್ತೊಂದು ಆಸರೆಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಂತೆ, ಮಗು ಔರಸವಾಗಿರಲಿ, ಅಲ್ಲದಿರಲಿ, ಅದರ ಪೋಷಣೆಯ ಹೊಣೆ ಶಕ್ತನಾದ ತಂದೆಯದು. ಹಿಂದೂ ವಿವಾಹ ಕಾಯಿದೆಯಂತೆ ಅಸಿಂಧುವಾದ ಮದುವೆಗಳ ಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿಯೂ ತಮ್ಮ ತಂದೆತಾಯಿಗಳಿಗೆ ಬರತಕ್ಕ ಪಾಲಿನಲ್ಲಿ ಹಕ್ಕುಂಟೆಂದು, ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿತು. ಹಿರಿಯರ ತಪ್ಪಿಗೆ ಮಗು ದಂಡ ತೆರಬಾರದೆಂಬ ನೀತಿಗೆ ಇಟಲಿಯೂ ಭಾರತವೂ ಬೇರೆಬೇರೆ ದಾರಿಗಳಿಂದ ಸಮೀಪಿಸುತ್ತಿವೆ.

ಎಲ್ಲಕ್ಕಿಂತ ಮೇಲಾದುದು ಮದುವೆಗೆ ಮೊದಲೇ ತಡೆಯುವುದು. 1098ಕ್ಕೆ ಮಾಡಿದ ಒಂದು ದೂರವಾಣಿ ಕರೆ ಚಪ್ಪರವೇಳುವ ಮುನ್ನವೇ ಅಧಿಕಾರಿಗಳನ್ನು ಎಚ್ಚರಿಸಬಲ್ಲದು. ತಡೆಯಲಾಗದೆ ಹೋದಲ್ಲಿ ಸಮಾಜಸೇವಕಿಯು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಮದುವೆ ನಡೆದದ್ದು ಎಲ್ಲಿ? ನಡೆದದ್ದು ಯಾವಾಗ? ಹುಡುಗಿಗೆ ಈಗ ಎಷ್ಟು ವರ್ಷ? ಕಣ್ಣೀರೊರೆಸುವ ಕೈಗೆ ಈ ಮೂರು ಪ್ರಶ್ನೆಗಳ ಉತ್ತರವನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವೂ ಇದ್ದರೆ, ಗಡಿನಾಡಿನ ಎಷ್ಟೋ ಹೆಣ್ಣುಮಕ್ಕಳ ಬಾಳು ಹಸನಾದೀತು.